ಮೊದಲು ಹೆಸರು, ಆಮೇಲೆ ಹಣ: ತಾಲ್ಲೂಕು ಕಾಲೇಜಿನಲ್ಲಿ ಹಳೆ ವಿದ್ಯಾರ್ಥಿಗಳ ಸಂಘ ಕಟ್ಟಿ ನಡೆಸುವ ಬಗೆ

ಒಂದು ಸಂಜೆ ನಮ್ಮ ಕಾಲೇಜು ಕಚೇರಿಯ ಗುಮಾಸ್ತರು (ಎಸ್‌ಡಿಎ) ಫೋನ್ ಮಾಡಿದರು. "ಸರ್, ಎರಡನೇ ವರ್ಷದ ಬಿ.ಎ. ಹುಡುಗಿ ಒಬ್ಬಳು ಬೆಳಿಗ್ಗೆಯಿಂದ ಕೌಂಟರ್ ಹತ್ತಿರ ಬರ್ತಾಳೆ, ನಿಲ್ತಾಳೆ, ಹೋಗ್ತಾಳೆ. ಪರೀಕ್ಷಾ ಶುಲ್ಕಕ್ಕೆ ನಾಳೆ ಕೊನೇ ದಿನ. ಕೇಳಿದ್ರೆ ಬಾಯಿ ಬಿಡ್ತಿಲ್ಲ." ರಾತ್ರಿ ಎಂಟರೊಳಗೆ ಶುಲ್ಕ ಕಟ್ಟಿ ಆಗಿತ್ತು. ಕಟ್ಟಿಸಿದವರು ನಮ್ಮ ಸಂಘದ ವಿದ್ಯಾರ್ಥಿ ನೆರವು ಸಮಿತಿಯ ಇಬ್ಬರು. ಅವರು ಅಧ್ಯಕ್ಷರನ್ನು ಕೇಳಲಿಲ್ಲ, ಸಭೆ ಕರೆಯಲಿಲ್ಲ, ಫೋಟೊ ತೆಗೆಯಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಮೂರು ಸಾವಿರ ರೂಪಾಯಿವರೆಗೆ ಇಬ್ಬರು ಸೇರಿ ತೀರ್ಮಾನ ಮಾಡಬಹುದು ಎಂದು ನಿಯಮಾವಳಿಯಲ್ಲೇ ಬರೆದಿದೆ.

ಕೆಲವು ವರ್ಷಗಳ ಹಿಂದೆ ಇದೇ ಕರೆ ಬಂದಿದ್ದರೆ ನಾನು ಅದನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುತ್ತಿದ್ದೆ. ನಲವತ್ತು ಜನ ಕೈಮುಗಿಯುವ ಚಿತ್ರ ಕಳಿಸುತ್ತಿದ್ದರು, ಯಾರಾದರೂ ಕಟ್ಟುತ್ತಾರೆ ಎಂದು ಎಲ್ಲರೂ ಅಂದುಕೊಳ್ಳುತ್ತಿದ್ದರು, ಮಾರನೇ ದಿನ ಕಳೆದುಹೋಗುತ್ತಿತ್ತು. ಒಳ್ಳೆಯ ಮನಸ್ಸು ಆಗಲೂ ಇತ್ತು. ಈ ಕೆಲಸ ಇಂಥವರದು ಎಂದು ಗೊತ್ತುಮಾಡಿರಲಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮದು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ರಾಜ್ಯದಲ್ಲಿ ಇಂಥವು ನಾನೂರಕ್ಕೂ ಹೆಚ್ಚಿವೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಶುರುವಾದ ಬೆಂಗಳೂರಿನ ಯುವಿಸಿಇಗೆ ದೇಶ ವಿದೇಶದಲ್ಲೆಲ್ಲ ಇಂಜಿನಿಯರುಗಳಿದ್ದಾರೆ. ನಮ್ಮಲ್ಲಿ ಓದಿದವರು ಮೇಷ್ಟ್ರಾಗಿದ್ದಾರೆ, ಪಿಡಿಒ ಆಗಿದ್ದಾರೆ, ಕಾನ್‌ಸ್ಟೆಬಲ್, ಕಂಡಕ್ಟರ್, ಎಲ್‌ಐಸಿ ಏಜೆಂಟ್ ಆಗಿದ್ದಾರೆ. ತೆಂಗಿನ ತೋಟ ನೋಡಿಕೊಂಡು ಊರಲ್ಲೇ ಉಳಿದಿದ್ದಾರೆ, ಮನೆ ನಡೆಸುತ್ತಿದ್ದಾರೆ. ಇವರನ್ನೇ ನಂಬಿ ಸಂಘ ಕಟ್ಟಬಹುದು, ಕಟ್ಟಿದ್ದೇವೆ. ನಿಮ್ಮ ಕಾಲೇಜಿನಲ್ಲೂ ಶುರು ಮಾಡುವ ಯೋಚನೆ ಇದ್ದರೆ, ನಾವು ಯಾವುದನ್ನು ಯಾವುದರ ಹಿಂದೆ ಮಾಡಿದೆವು, ಮಾಡಬೇಕಿತ್ತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಒಂದನೇ ಹೆಜ್ಜೆ: ದಾಖಲಾತಿ ವಹಿ ತೆರೆಯಿರಿ

ಹೆಚ್ಚಿನ ಸಂಘಗಳು ಪದಾಧಿಕಾರಿಗಳ ಆಯ್ಕೆಯಿಂದ ಶುರುವಾಗುತ್ತವೆ. ಹಾಗೆ ಶುರುವಾದ ಸಂಘ ಒಂದೇ ಬ್ಯಾಚಿನ ಸ್ನೇಹಿತರ ಕೂಟವಾಗಿ ನಿಂತುಬಿಡುತ್ತದೆ. ಮೊದಲು ಆಗಬೇಕಾದದ್ದು ಹೆಸರುಗಳ ಪಟ್ಟಿ.

ಕಾಲೇಜು ಕಚೇರಿಯ ಕಬ್ಬಿಣದ ಬೀರುವಿನಲ್ಲಿ ದಾಖಲಾತಿ ವಹಿಗಳಿರುತ್ತವೆ. ನಮ್ಮ ಕಾಲೇಜಿನ ಹಳೆಯವು ಉದ್ದನೆಯ ಪುಸ್ತಕಗಳು. ರಟ್ಟಿನ ಬೆನ್ನು ಕಿತ್ತುಬಂದಿತ್ತು, ಒಂದಕ್ಕೆ ಯಾರೋ ಸೆಣಬಿನ ದಾರ ಕಟ್ಟಿದ್ದರು. ಒಳಗೆ ನೀಲಿ ಶಾಯಿಯಲ್ಲಿ ದಾಖಲಾತಿ ಸಂಖ್ಯೆ, ಹೆಸರು, ತಂದೆಯ ಹೆಸರು, ಊರು, ಎಚ್‌ಇಪಿಯೋ ಎಚ್‌ಇಕೆಯೋ ಎಂಬ ವಿಷಯಗಳ ಗುಂಪು, ಟಿ.ಸಿ. ಪಡೆದ ದಿನಾಂಕ. ಎಪ್ಪತ್ತರ ದಶಕದ ಪುಟಗಳಲ್ಲಿ ಈಗ ಹೇಮಾವತಿ ಹಿನ್ನೀರಿನಲ್ಲಿ ಮುಳುಗಿರುವ ಹಳ್ಳಿಗಳ ಹೆಸರೂ ಇತ್ತು. ಆ ವಿಳಾಸಕ್ಕೆ ಕಾಗದ ಬರೆದರೆ ಯಾರಿಗೂ ತಲುಪುವುದಿಲ್ಲ.

ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಟ್ಟು, ಲಿಖಿತ ಅನುಮತಿ ಪಡೆದು, ಕಚೇರಿಯಲ್ಲೇ ಕುಳಿತು ನಕಲು ಮಾಡಿಕೊಳ್ಳಿ. ವಹಿಯನ್ನು ಮನೆಗೆ ತರಬೇಡಿ, ಪುಟಗಳ ಫೋಟೊ ತೆಗೆಯಬೇಡಿ. ಅದರಲ್ಲಿ ಜಾತಿ, ಜನ್ಮ ದಿನಾಂಕದಂಥ ವಿವರಗಳೂ ಇರುತ್ತವೆ. ಅವು ನಮಗೆ ಸೇರಿದ್ದಲ್ಲ. ಹೆಸರು, ತಂದೆಯ ಹೆಸರು, ಊರು, ಓದಿದ ವರ್ಷ, ವಿಷಯ ಇಷ್ಟೇ ಸಾಕು. ಫೋನ್ ನಂಬರ್ ಸಿಕ್ಕ ಮೇಲೆ "ನಿಮ್ಮ ನಂಬರ್ ಸಂಘದ ಪಟ್ಟಿಯಲ್ಲಿ ಇಡಬಹುದಾ, ಬ್ಯಾಚಿನವರು ಕೇಳಿದರೆ ಕೊಡಬಹುದಾ" ಎಂದು ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿ, ಉತ್ತರ ಬರೆದಿಡಿ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ ಕಾಯ್ದೆ ಬಂದಿದೆ. ಕಾಯ್ದೆ ಇಲ್ಲದಿದ್ದರೂ ಒಬ್ಬರ ನಂಬರನ್ನು ಇನ್ನೊಬ್ಬರಿಗೆ ಕೇಳದೆ ಕೊಡುವುದು ಸರಿಯಲ್ಲ.

ಈಗ ಕಷ್ಟದ ಭಾಗ. ಮೊದಲ ಸುತ್ತಿನಲ್ಲಿ ನಮಗೆ ಸಿಕ್ಕವರಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ವಹಿ ತೆರೆದರೆ ಪ್ರತಿ ವರ್ಷವೂ ಅವರ ಹೆಸರು ಸಾಲುಸಾಲಾಗಿದೆ, ನಮ್ಮ ಫೋನಿನಲ್ಲಿ ಇಲ್ಲ. ಕಾರಣ ಸರಳ. ಗಂಡುಹುಡುಗರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಬೆಳೆಸಿದ ಸ್ನೇಹವೇ ಮುಂದೆ ಗ್ರೂಪ್ ಆಯಿತು; ಹುಡುಗಿಯರು ನಾಲ್ಕೂವರೆ ಬಸ್ಸಿಗೆ ಊರಿಗೆ ಹೋದವರು. ಆಮೇಲೆ ಮದುವೆ, ಬೇರೆ ಊರು. ಅಪ್ಪನ ಹೆಸರಿನ ಇನಿಷಿಯಲ್ ಹೋಗಿ ಗಂಡನ ಹೆಸರು ಸೇರಿಕೊಂಡಿತು.

ಅವರನ್ನು ಹುಡುಕುವುದಕ್ಕೆ ಬೇರೆಯೇ ದಾರಿ ಬೇಕಾಯಿತು. ತವರೂರಿಗೆ ಹೋಗಿ ಅಣ್ಣತಮ್ಮಂದಿರನ್ನು ಕೇಳಿದೆವು. ಆದರೆ ಗಂಡಸರು ಹೋಗಿ "ನಿಮ್ಮ ತಂಗಿ ನಂಬರ್ ಕೊಡಿ" ಎಂದರೆ ಯಾರೂ ಕೊಡುವುದಿಲ್ಲ, ಕೊಡಬಾರದು ಕೂಡ. ನಮ್ಮ ಸಂಪರ್ಕ ಸಮಿತಿಯಲ್ಲಿ ಅಂಗನವಾಡಿ ಮೇಲ್ವಿಚಾರಕಿಯೊಬ್ಬರು, ನಿವೃತ್ತ ಶಿಕ್ಷಕಿಯೊಬ್ಬರು ಸೇರಿದ ಮೇಲೆ ಕೆಲಸ ಓಡಿತು. ನಂಬರ್ ಕೇಳುವ ಬದಲು ತಮ್ಮ ನಂಬರನ್ನೇ ಚೀಟಿಯಲ್ಲಿ ಬರೆದು ಕೊಟ್ಟು, "ಅವರಿಗೆ ಮನಸ್ಸಿದ್ದರೆ ಕರೆ ಮಾಡಲಿ" ಎಂದು ಬರುತ್ತಿದ್ದರು. ಕರೆಗಳು ಬಂದವು. ಚಿಕ್ಕಮಗಳೂರಿನಿಂದ ಮಾತಾಡಿದ ಒಬ್ಬರು ನನಗೆ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಅಣ್ಣಾ, ಆ ಇನಿಷಿಯಲ್ ಇಟ್ಟು ನನ್ನನ್ನ ಕರೆದು ಇಪ್ಪತ್ತೆಂಟು ವರ್ಷ ಆಯ್ತು."

ಆದ್ದರಿಂದ ಪಟ್ಟಿಯಲ್ಲಿ ಮೂರು ಕಾಲಂ ಖಂಡಿತ ಇರಲಿ: ಕಾಲೇಜಿನಲ್ಲಿದ್ದ ಹೆಸರು, ಈಗಿನ ಹೆಸರು, ತವರೂರು. ಹುಡುಕುವಾಗ ಕೈ ಹಿಡಿಯುವುದು ಮೊದಲನೆಯದು ಮತ್ತು ಮೂರನೆಯದು.

ನಮಗೆ ಅತಿ ಹೆಚ್ಚು ಹೆಸರು ತಂದುಕೊಟ್ಟವರು ಒಬ್ಬ ಕೆಎಸ್‌ಆರ್‌ಟಿಸಿ ಕಂಡಕ್ಟರ್. ಅವರ ರೂಟಿನಲ್ಲಿ ಬರುವ ಹಳ್ಳಿಗಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೆವು. ಟಿಕೆಟ್ ಹರಿಯುತ್ತಲೇ ವಿಚಾರಿಸಿ, ವಾರಕ್ಕೊಮ್ಮೆ ಹಾಳೆಯ ತುಂಬ ಗುರುತು ಹಾಕಿ ತಂದುಕೊಡುತ್ತಿದ್ದರು.

ಎರಡನೇ ಹೆಜ್ಜೆ: ನಿಯಮಾವಳಿ ಮತ್ತು ನೋಂದಣಿ

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿ ಸಂಘ ನೋಂದಾಯಿಸಲು ಕನಿಷ್ಠ ಏಳು ಜನ ಸದಸ್ಯರು ಬೇಕು. ಸಂಘದ ಉದ್ದೇಶಗಳ ಜ್ಞಾಪನ ಪತ್ರ, ನಿಯಮಾವಳಿ, ಕಾರ್ಯಕಾರಿ ಸಮಿತಿಯವರ ವಿವರ ಸಿದ್ಧಪಡಿಸಿ, ಸಹಕಾರ ಇಲಾಖೆಯಲ್ಲಿರುವ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದು ಒಂದು ಸಲದ ಕೆಲಸ. ಬಹಳ ಸಂಘಗಳು ಎಡವುವುದು ಆಮೇಲೆ. ಪ್ರತಿ ವರ್ಷ ಸರ್ವಸದಸ್ಯರ ವಾರ್ಷಿಕ ಸಭೆ ನಡೆಯಬೇಕು. ಒಂದು ಸಭೆಗೂ ಮುಂದಿನದಕ್ಕೂ 15 ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು. ಸಭೆ ಆದ 14 ದಿನದೊಳಗೆ ಕಾರ್ಯಕಾರಿ ಸಮಿತಿಯ ಪಟ್ಟಿಯನ್ನೂ ಆಡಿಟ್ ಆದ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಾಲ್ಕೈದು ವರ್ಷ ಸಲ್ಲಿಸದೆ ಬಿಟ್ಟರೆ, ಬ್ಯಾಂಕಿನವರೋ ದಾನಿಗಳೋ ಕಾಗದ ಕೇಳಿದ ದಿನ ಓಡಾಟ ಶುರುವಾಗುತ್ತದೆ. ಈ ಎರಡು ದಿನಾಂಕಗಳನ್ನು ಕಾರ್ಯದರ್ಶಿಯ ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ನಿಯಮಾವಳಿಯನ್ನು ಬೇರೆ ಸಂಘದ್ದನ್ನು ನೋಡಿ ನಕಲು ಮಾಡುವುದು ರೂಢಿ. ಮಾಡಿ, ಆದರೆ ಸದಸ್ಯತ್ವದ ಸಾಲನ್ನು ನೀವೇ ಕೂತು ಬರೆಯಿರಿ. "ಈ ಕಾಲೇಜಿನಿಂದ ಪದವಿ ಪಡೆದವರು" ಎಂದು ಬರೆದರೆ ಎರಡನೇ ವರ್ಷಕ್ಕೆ ಬಿಟ್ಟವರು, ಇಂಗ್ಲಿಷ್ ಪೇಪರ್ ಉಳಿದು ಪದವಿ ಸಿಗದವರು ಹೊರಗುಳಿಯುತ್ತಾರೆ. ನಮ್ಮ ಕಾಲೇಜಿನಲ್ಲಿ ಅಂಥವರು ಬಹಳ. ಅಪ್ಪ ತೀರಿಕೊಂಡರು, ಗದ್ದೆ ನೋಡಬೇಕಾಯಿತು, ಮದುವೆ ಗೊತ್ತಾಯಿತು, ಕಾರಣ ಒಂದೆರಡಲ್ಲ. ಅವರು ಕಾಲೇಜಿನ ಗೇಟಿನ ಮುಂದೆ ಹಾದುಹೋಗುವಾಗ ತಲೆ ಬಗ್ಗಿಸುವುದನ್ನು ನಾನು ನೋಡಿದ್ದೇನೆ. "ಈ ಕಾಲೇಜಿನಲ್ಲಿ ಒಂದು ವರ್ಷವಾದರೂ ಓದಿದವರು" ಎಂದು ಬರೆಯಿರಿ. ಇವತ್ತು ನಮ್ಮ ಸಂಘದ ಖಜಾಂಚಿ ಅಂತಿಮ ವರ್ಷದ ಪರೀಕ್ಷೆಗೆ ಕೂರಲಾಗದೆ ಹೋದವರು. ಅವರಷ್ಟು ಚೊಕ್ಕಟವಾಗಿ ಲೆಕ್ಕ ಇಡುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ.

ಇನ್ನು ಕೆಲವು ಸಾಲು ಸೇರಿಸಿ. ಪದಾಧಿಕಾರಿಗಳ ಅವಧಿ ಎರಡು ವರ್ಷ, ಸತತ ಎರಡಕ್ಕಿಂತ ಹೆಚ್ಚು ಅವಧಿ ಇಲ್ಲ. ಒಂದೇ ಬ್ಯಾಚಿನಿಂದ ಕಾರ್ಯಕಾರಿ ಸಮಿತಿಗೆ ಇಬ್ಬರಿಗಿಂತ ಹೆಚ್ಚು ಬೇಡ. ಮೂರನೇ ಒಂದು ಭಾಗ ಮಹಿಳೆಯರು. ರಾಜಕೀಯ ಚುನಾವಣೆಗೆ ನಿಂತವರು ಆ ದಿನದಿಂದಲೇ ಪದಾಧಿಕಾರಿಯಾಗಿ ಮುಂದುವರಿಯುವಂತಿಲ್ಲ. ಈ ಕೊನೆಯದು ಯಾಕೆಂದರೆ, ಸರ್ಕಾರಿ ಕಾಲೇಜಿನ ಅಭಿವೃದ್ಧಿ ಸಮಿತಿಗೆ ಸ್ಥಳೀಯ ಶಾಸಕರೇ ಅಧ್ಯಕ್ಷರು. ಶಾಸಕರು ಬದಲಾದರೂ ಸಂಘದ ಮಾತು ಕಾಲೇಜಿನಲ್ಲಿ ನಡೆಯಬೇಕಾದರೆ ಸಂಘಕ್ಕೆ ಪಕ್ಷದ ಬಣ್ಣ ಹತ್ತಬಾರದು.

ಮೂರನೇ ಹೆಜ್ಜೆ: ಕೆಲಸ ಬರೆದು, ಆಮೇಲೆ ಸಮಿತಿ ಮಾಡಿ

"ಸಾಂಸ್ಕೃತಿಕ ಸಮಿತಿ", "ಪ್ರಚಾರ ಸಮಿತಿ", "ಆಹಾರ ಸಮಿತಿ" ಎಂದು ಆಹ್ವಾನ ಪತ್ರಿಕೆಯಲ್ಲಿ ಹೆಸರು ಅಚ್ಚಾಗುವ ಸಮಿತಿಗಳನ್ನು ಎಲ್ಲರೂ ನೋಡಿದ್ದೇವೆ. ಹೆಸರು ಇಪ್ಪತ್ತು ಇದ್ದರೂ ಕೆಲಸ ಮಾಡುವವರು ಇಬ್ಬರು. ನಾವು ಈ ಕ್ರಮವನ್ನು ಕೈಬಿಟ್ಟು, ಮೊದಲು ಒಂದು ಅಂಚೆ ಕಾರ್ಡಿನಷ್ಟು ಹಾಳೆಯಲ್ಲಿ ಕೆಲಸ ಬರೆಯುತ್ತೇವೆ. ಒಂದು ಮಾದರಿ:

ಕೆಲಸ: 1991–94ರ ಬಿ.ಕಾಂ. ಬ್ಯಾಚಿನವರನ್ನು ಹುಡುಕುವುದು.
ಜನ: ನಾಲ್ವರು, ಅದರಲ್ಲಿ ಇಬ್ಬರು ಮಹಿಳೆಯರು.
ಅವಧಿ: 60 ದಿನ.
ಖರ್ಚು: 1,500 ರೂ. ವರೆಗೆ, ಬಸ್ ಚಾರ್ಜು ಸೇರಿ.
ಮುಗಿದದ್ದಕ್ಕೆ ಗುರುತು: ಪಟ್ಟಿಯ ಪ್ರತಿ ಹೆಸರಿನ ಮುಂದೆ ಸಿಕ್ಕರು, ತೀರಿಕೊಂಡಿದ್ದಾರೆ, ಸಿಗಲಿಲ್ಲ ಎಂಬುದರಲ್ಲಿ ಒಂದು.

ಹಾಳೆ ತುಂಬಿದ ಮೇಲೆ ಜನರನ್ನು ಕೇಳಿ. ಗ್ರೂಪಿನಲ್ಲಿ "ಆಸಕ್ತರು ಮುಂದೆ ಬನ್ನಿ" ಎಂದು ಹಾಕಿದರೆ ಯಾರೂ ಬರುವುದಿಲ್ಲ. ಒಬ್ಬೊಬ್ಬರಿಗೇ ಫೋನ್ ಮಾಡಿ, "ನೀವು ಬ್ಯಾಂಕಿನಲ್ಲಿ ಇದ್ದವರು, ಈ ಕೆಲಸ ನಿಮಗೆ ಗೊತ್ತು, ತಿಂಗಳಿಗೆ ಎರಡು ಗಂಟೆ, ಮಾರ್ಚ್ ಹೊತ್ತಿಗೆ ಮುಗಿಯುತ್ತೆ" ಎಂದು ಹೇಳಿ. ಮುಗಿಯುವ ದಿನ ಗೊತ್ತಿದ್ದರೆ ಜನ ಒಪ್ಪುತ್ತಾರೆ. ಮುಗಿದ ದಿನ ಸಮಿತಿಯನ್ನು ನಿಜಕ್ಕೂ ವಿಸರ್ಜಿಸಿ, ನಡಾವಳಿ ಪುಸ್ತಕದಲ್ಲಿ ಅವರ ಹೆಸರು ಬರೆದು ಧನ್ಯವಾದ ಹೇಳಿ. ಮೂರು ತಿಂಗಳು ಬಿಟ್ಟು ಅವರೇ "ಇನ್ನೇನಾದ್ರೂ ಇದ್ಯಾ?" ಎಂದು ಕೇಳುತ್ತಾರೆ.

ಕಾಯಂ ಆಗಿ ಇರಬೇಕಾದ ಸಮಿತಿಗಳು ನನ್ನ ಪ್ರಕಾರ ಮೂರೇ: ಸಂಪರ್ಕ, ವಿದ್ಯಾರ್ಥಿ ನೆರವು, ಹಣಕಾಸು. ಉಳಿದದ್ದೆಲ್ಲ ಕೆಲಸ ಬಂದಾಗ ಹುಟ್ಟಿ, ಕೆಲಸ ಮುಗಿದಾಗ ಮುಗಿಯಲಿ.

ಸಭೆಯನ್ನು ಎರಡನೇ ಶನಿವಾರ ಇಟ್ಟುಕೊಳ್ಳಿ. ಸರ್ಕಾರಿ ಕಚೇರಿ, ಬ್ಯಾಂಕ್ ಎರಡಕ್ಕೂ ರಜೆ. ಹೋಟೆಲಿನಲ್ಲಿ ಬೇಡ, ಕಾಲೇಜಿನ ಒಂದು ಕೊಠಡಿ ಕೇಳಿ ಪಡೆಯಿರಿ. ಹಳೆಯ ಬೆಂಚಿನಲ್ಲಿ ಕೂತರೆ ಮಾತು ಬೇರೆ ಥರ ಬರುತ್ತದೆ. ನಡಾವಳಿ ಒಂದು ಪುಟ ಸಾಕು: ಯಾರು, ಯಾವ ಕೆಲಸ, ಯಾವ ದಿನದೊಳಗೆ. ವಾಟ್ಸ್ಆ್ಯಪ್ ಗ್ರೂಪಿಗೆ 1,024 ಜನರ ಮಿತಿ ಇದೆ, ಅಷ್ಟು ಜನ ಒಂದೇ ಗ್ರೂಪಿನಲ್ಲಿ ಮಾತಾಡಿದರೆ ಯಾರಿಗೂ ಏನೂ ಕೇಳುವುದಿಲ್ಲ. ಸಂಘದ ಗ್ರೂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಸೂಚನೆ ಹಾಕಲಿ. ಹರಟೆಗೆ ಬ್ಯಾಚಿನ ಗ್ರೂಪುಗಳಿವೆ.

ನಾಲ್ಕನೇ ಹೆಜ್ಜೆ: ಹಣ

ನಮ್ಮೂರಲ್ಲೇ ಹಿಂದೊಮ್ಮೆ ಇಂಥ ಪ್ರಯತ್ನ ಮುರಿದುಬಿದ್ದದ್ದು ಹಣದಿಂದ. ಕಳ್ಳತನ ಆಗಿರಲಿಲ್ಲ. ಒಬ್ಬರ ಸ್ವಂತ ಖಾತೆಗೆ ದುಡ್ಡು ಬಂತು, ಶಾಮಿಯಾನದವನಿಗೆ ನಗದಾಗಿ ಹೋಯಿತು, ಅಡುಗೆಯವರಿಗೆ ಮುಂಗಡ ಕೊಟ್ಟ ಚೀಟಿ ಕಳೆಯಿತು. ಲೆಕ್ಕ ಕೇಳಿದ್ದೇ ಅವರಿಗೆ ಅವಮಾನ ಅನ್ನಿಸಿತು. ಪ್ರಾಮಾಣಿಕರಾದ ಒಬ್ಬರು ಅವತ್ತಿನಿಂದ ಕಾಲೇಜಿನ ಕಡೆ ಬರುವುದನ್ನೇ ಬಿಟ್ಟರು. ನನಗೆ ಅದು ಇನ್ನೂ ನೋವಿನ ವಿಷಯ. ಆದ್ದರಿಂದ ನೋಂದಣಿ ಆಗಿ, ಸಂಘದ ಹೆಸರಿನಲ್ಲಿ ಪ್ಯಾನ್ ಮತ್ತು ಬ್ಯಾಂಕ್ ಖಾತೆ ಆಗುವವರೆಗೂ ಒಂದು ರೂಪಾಯಿಯನ್ನೂ ಸಂಗ್ರಹಿಸಬೇಡಿ. ಚೆಕ್ಕಿಗೆ ಇಬ್ಬರ ಸಹಿ ಇರಲಿ, ಆ ಇಬ್ಬರು ಸಂಬಂಧಿಕರಾಗಿರುವುದು ಬೇಡ. ಕ್ಯೂಆರ್ ಕೋಡ್ ಸಂಘದ ಖಾತೆಯದೇ ಇರಲಿ. ಹತ್ತು ರೂಪಾಯಿಗೂ ಕ್ರಮಸಂಖ್ಯೆ ಇರುವ ರಸೀದಿ ಹರಿಯಿರಿ.

"80ಜಿ ಮಾಡಿಸಿದ ಮೇಲೆ ಕೊಡ್ತೀವಿ" ಎನ್ನುವ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. 80ಜಿ ಎಂದರೆ ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ವಿನಾಯಿತಿ, ಮಾಡಿಸುವುದು ಒಳ್ಳೆಯದೇ. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿರುವ ಸಂಬಳದಾರರಿಗೆ ಆ ವಿನಾಯಿತಿ ಸಿಗುವುದಿಲ್ಲ, ಹಳೆಯ ಪದ್ಧತಿಯಲ್ಲೂ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಸಿಗುವುದಿಲ್ಲ. ಸಂಘವು ದಾನಿಗಳ ವಿವರವನ್ನು ಇಲಾಖೆಗೆ ಸಲ್ಲಿಸಿದರೆ ಮಾತ್ರ ದಾನಿಗೆ ಪ್ರಮಾಣಪತ್ರ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಅದರಲ್ಲಿ ಕಲಂ ಸಂಖ್ಯೆಗಳು ಬದಲಾಗಿವೆ, ಆದ್ದರಿಂದ ಅರ್ಜಿಗೆ ಮೊದಲು ಆಡಿಟರ್ ಹತ್ತಿರ ಕೂತು ಮಾತಾಡಿ. ಅದಕ್ಕೆ ಕಾದು ಕೆಲಸ ನಿಲ್ಲಿಸಬೇಡಿ.

ಅಮೆರಿಕದಲ್ಲೋ ಲಂಡನ್ನಿನಲ್ಲೋ ಇರುವ ಬ್ಯಾಚ್‌ಮೇಟ್ ಹಣ ಕಳಿಸುತ್ತೇನೆ ಎಂದಾಗ ಕೇಳಲೇಬೇಕಾದ ಪ್ರಶ್ನೆ ಒಂದೇ: "ನಿನ್ನ ಹತ್ತಿರ ಇರೋದು ಯಾವ ದೇಶದ ಪಾಸ್‌ಪೋರ್ಟ್?" ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದವರು, ಸಾಗರೋತ್ತರ ಭಾರತೀಯರ ಒಸಿಐ ಕಾರ್ಡ್ ಇದ್ದರೂ ಸರಿ, ಕಳಿಸಿದರೆ ಅದು 2010ರ ವಿದೇಶಿ ದೇಣಿಗೆ ಕಾಯ್ದೆಯಡಿ (ಎಫ್‌ಸಿಆರ್‌ಎ) ಬರುತ್ತದೆ. ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಪಡೆಯುವಂತಿಲ್ಲ, 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ತಾಲ್ಲೂಕು ಸಂಘಕ್ಕೆ ಇದು ಹೊರಲಾರದ ಹೊರೆ. ಅಂಥ ಗೆಳೆಯರ ಸಮಯ ಕೇಳಿ. ಆನ್‌ಲೈನಿನಲ್ಲಿ ಇಂಗ್ಲಿಷ್ ಮಾತಾಡುವ ಅಭ್ಯಾಸ ಮಾಡಿಸಲಿ.

ದತ್ತಿ ನಿಧಿಯ ಬಗ್ಗೆ ಒಂದು ಮಾತು. ತಂದೆ ತಾಯಿಯ ಹೆಸರಿನಲ್ಲಿ ಬಹುಮಾನ ಇಡುವುದು ನಮ್ಮಲ್ಲಿ ಹಳೆಯ, ಸುಂದರ ಪದ್ಧತಿ. ಆದರೆ ಯಾವುದೋ ಕಾಲದಲ್ಲಿ ಇಟ್ಟ 5,000 ರೂಪಾಯಿಗೆ ಇವತ್ತು ಶೇ. 6ರ ಬಡ್ಡಿ ಎಂದರೆ ವರ್ಷಕ್ಕೆ 300 ರೂಪಾಯಿ. ಪದಕದ ಪೆಟ್ಟಿಗೆಗೂ ಸಾಲದು. ಇಂಥ ದತ್ತಿಗಳಿದ್ದರೆ ಕುಟುಂಬದವರನ್ನು ಹುಡುಕಿ ಮಾತಾಡಿ. ಕೆಲವರು ಮೊತ್ತ ಹೆಚ್ಚಿಸುತ್ತಾರೆ, ಕೆಲವರು ನಾಲ್ಕು ದತ್ತಿ ಸೇರಿಸಿ ಒಂದು ಮಾಡಲು ಒಪ್ಪುತ್ತಾರೆ. ಎಲ್ಲರ ಹೆಸರೂ ಉಳಿಯಲಿ. ಹೊಸದಕ್ಕೆ ಒಂದು ಲಕ್ಷಕ್ಕಿಂತ ಕಡಿಮೆ ಬೇಡ ಎಂದು ನಾವು ತೀರ್ಮಾನಿಸಿದ್ದೇವೆ.

ಐದನೇ ಹೆಜ್ಜೆ: ಈಗ ಓದುತ್ತಿರುವ ಮಕ್ಕಳು

ಎಲ್ಲ ಕೆಲಸವೂ ಇದಕ್ಕಾಗಿಯೇ. ಇಲ್ಲಿ ಎರಡು ಸಂಗತಿ ನಾನು ಒತ್ತಿ ಹೇಳುತ್ತೇನೆ.

ಕಷ್ಟದಲ್ಲಿರುವ ಮಗು ಅರ್ಜಿ ಬರೆಯುವುದಿಲ್ಲ. "ನೆರವು ಬೇಕಾದವರು ಅರ್ಜಿ ಸಲ್ಲಿಸಿ" ಎಂದು ನೋಟಿಸ್ ಬೋರ್ಡಿಗೆ ಹಾಕಿದ ವರ್ಷ ನಮಗೆ ಬಂದ ಅರ್ಜಿಗಳು ಧೈರ್ಯ ಇದ್ದವರದು. ಕೌಂಟರಿನ ಮುಂದೆ ನಿಂತು ವಾಪಸ್ ಹೋಗುವವರು ಗೊತ್ತಿರುವುದು ಎಸ್‌ಡಿಎಗೆ, ಲೈಬ್ರರಿಯವರಿಗೆ, ಹಾಸ್ಟೆಲ್ ವಾರ್ಡನ್‌ಗೆ, ಎನ್‌ಎಸ್‌ಎಸ್ ಅಧಿಕಾರಿಗೆ, ನೀರಿನ ಫಿಲ್ಟರ್ ಹತ್ತಿರ ಕೂರುವ ಡಿ ಗ್ರೂಪ್ ನೌಕರರಿಗೆ. ಇವರೆಲ್ಲರ ಹತ್ತಿರ ನೆರವು ಸಮಿತಿಯ ಇಬ್ಬರ ನಂಬರ್ ಇರಲಿ. ಪ್ರಾಂಶುಪಾಲರು ವರ್ಗವಾಗಿ ಹೋಗುತ್ತಿರುತ್ತಾರೆ, ಅತಿಥಿ ಉಪನ್ಯಾಸಕರು ಬದಲಾಗುತ್ತಾರೆ. ಕಚೇರಿಯವರ ಜೊತೆಗಿನ ವಿಶ್ವಾಸ ಉಳಿಯುತ್ತದೆ. ಶುಲ್ಕವನ್ನು ನಗದಾಗಿ ಕೈಗೆ ಕೊಡದೆ, ವಿಶ್ವವಿದ್ಯಾಲಯದ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಮಗುವಿನ ಲಾಗಿನ್‌ನಿಂದಲೇ ಕಟ್ಟಿಸಿ ರಸೀದಿ ಇಟ್ಟುಕೊಳ್ಳಿ. ಲೆಕ್ಕದ ಪುಸ್ತಕದಲ್ಲಿ ಹೆಸರಿನ ಬದಲು ಕ್ರಮಸಂಖ್ಯೆ ಬರೆಯಿರಿ. ಹೆಸರು ಮತ್ತು ಸಂಖ್ಯೆಯ ಪಟ್ಟಿ ಮುಚ್ಚಿದ ಲಕೋಟೆಯಲ್ಲಿ ಆಡಿಟರಿಗೆ ಮಾತ್ರ. ವೇದಿಕೆಗೆ ಕರೆದು ಚೆಕ್ ಕೊಡುವುದನ್ನು ದಯವಿಟ್ಟು ಮಾಡಬೇಡಿ.

ಎರಡನೆಯದು, ದುಡ್ಡೇ ಬೇಡದ ನೆರವು. ಮಕ್ಕಳಿಗೆ ಬರಬೇಕಾದ ವಿದ್ಯಾರ್ಥಿವೇತನ ಎಷ್ಟೋ ಸಲ ಸಣ್ಣ ಕಾರಣಕ್ಕೆ ನಿಂತಿರುತ್ತದೆ. ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ತಪ್ಪಾಗಿರುತ್ತದೆ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ಎಲ್ಲಕ್ಕಿಂತ ಹೆಚ್ಚು ಕಾಡುವುದು ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಆಗದಿರುವುದು; ಅರ್ಜಿ ಮಂಜೂರಾಗಿದ್ದರೂ ಹಣ ಬಂದು ಬೀಳುವುದಿಲ್ಲ. ನಮ್ಮಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ತಾಲ್ಲೂಕು ಕಚೇರಿಯಲ್ಲಿ ಇದ್ದ ಒಬ್ಬರು, ಸೈಬರ್ ಸೆಂಟರ್ ನಡೆಸುವ ಒಬ್ಬರು ಸೇರಿ ಅರ್ಜಿ ಹಾಕುವ ದಿನಗಳಲ್ಲಿ ಲೈಬ್ರರಿಯ ಮೂಲೆಯಲ್ಲಿ ಟೇಬಲ್ ಹಾಕಿಕೊಂಡು ಕೂರುತ್ತಾರೆ. ಒಬ್ಬ ಹುಡುಗ ಎರಡು ವರ್ಷದಿಂದ ವಿದ್ಯಾರ್ಥಿವೇತನ ಬಂದಿಲ್ಲ ಎಂದು ಬಂದ. ನೋಡಿದರೆ ಅವನ ಆಧಾರ್, ಏಳನೇ ತರಗತಿಯಲ್ಲಿ ತೆರೆದು ಮರೆತಿದ್ದ ಬೇರೊಂದು ಬ್ಯಾಂಕಿನ ಖಾತೆಗೆ ಜೋಡಣೆಯಾಗಿತ್ತು. ಹಣ ಅಲ್ಲಿಗೆ ಹೋಗಿ ಕೂತಿತ್ತು. ಪಾಸ್‌ಬುಕ್ ಎಂಟ್ರಿ ಮಾಡಿಸಿದ ದಿನ ಅವನು ಆ ಪುಟವನ್ನು ಎಷ್ಟು ಸಲ ತೆಗೆದು ನೋಡಿದನೋ.

ಮಾರ್ಗದರ್ಶನ ಎಂದರೆ ಭಾಷಣ ಎಂದುಕೊಳ್ಳಬೇಡಿ. ಎಫ್‌ಡಿಎ, ಪಿಡಿಒ ಪರೀಕ್ಷೆ ಬರೆದು ಗೆದ್ದವರು ಹತ್ತು ಜನ ಮಕ್ಕಳ ಜೊತೆ ನೆಲದ ಮೇಲೆ ಕೂತು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲಿ. ಬೆಂಗಳೂರಿನಲ್ಲಿ ಪರೀಕ್ಷೆ ಬರೆಯಲು ಹೋಗುವವರಿಗೆ ಒಂದು ರಾತ್ರಿ ಮಲಗಲು ಜಾಗ ಬೇಕಾಗುತ್ತದೆ. ಅಲ್ಲಿರುವ ಹಳೆ ವಿದ್ಯಾರ್ಥಿಗಳ ಮನೆಗಳ ಪಟ್ಟಿ ಮಾಡಿದ್ದೇವೆ. ಹೆಣ್ಣುಮಕ್ಕಳನ್ನು ಹಳೆ ವಿದ್ಯಾರ್ಥಿನಿಯರ ಮನೆಗೇ ಕಳಿಸುತ್ತೇವೆ, ಎರಡೂ ಮನೆಯ ತಾಯಂದಿರು ಮೊದಲೇ ಫೋನಿನಲ್ಲಿ ಮಾತಾಡಿರಬೇಕು. ಈ ನಿಯಮವನ್ನು ಯಾರಿಗೂ ಸಡಿಲಿಸುವುದಿಲ್ಲ.

ಗುರುವಂದನೆ ಇದ್ದೇ ಇರುತ್ತದೆ

ಇರಲಿ, ಬೇಕು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ಮೇಷ್ಟ್ರುಗಳಿಗೆ ಸಲ್ಲಬೇಕಾದದ್ದೇ. ಆದರೆ ಸಂಘದ ವರ್ಷದ ಶಕ್ತಿಯೆಲ್ಲ ಅದೊಂದೇ ದಿನಕ್ಕೆ ಹೋಗದಂತೆ ನೋಡಿಕೊಳ್ಳಿ. ಗುರುವಂದನೆಯ ಹಣವನ್ನು ಬೇರೆಯಾಗಿ ಸಂಗ್ರಹಿಸಿ, ನೆರವು ನಿಧಿಯಿಂದ ಒಂದು ಪೈಸೆಯೂ ಅದಕ್ಕೆ ಹೋಗಬಾರದು. ನಡೆಯಲಾರದ ಮೇಷ್ಟ್ರ ಮನೆಗೆ ಹಿಂದಿನ ದಿನವೇ ಹೋಗಿ ಬನ್ನಿ. ಗಂಟೆ ಬಾರಿಸುತ್ತಿದ್ದವರನ್ನು, ಲೈಬ್ರರಿ ಪುಸ್ತಕ ಎತ್ತಿಕೊಡುತ್ತಿದ್ದವರನ್ನು ಮರೆಯಬೇಡಿ.

ಭಾಷಣದ ಪಟ್ಟಿ ಕತ್ತರಿಸಿ ಹಾಜರಿ ಕೂಗಿಸಿ. ನಮ್ಮ ಇತಿಹಾಸದ ಮೇಷ್ಟ್ರಿಗೆ ಎಂಬತ್ತು ದಾಟಿದೆ. 1994ರ ಬ್ಯಾಚಿನ ಹೆಸರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೈಗೆ ಕೊಟ್ಟೆವು. ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಕೂಗಿದರು. ಐವತ್ತರ ಹೊಸ್ತಿಲಲ್ಲಿರುವವರೆಲ್ಲ ಎದ್ದು ನಿಂತು "ಎಸ್ ಸರ್" ಎಂದರು. ಒಂದು ಹೆಸರಿಗೆ ಯಾರೂ ಏಳಲಿಲ್ಲ. ಹಿಂದಿನಿಂದ ಒಬ್ಬರು "ಇಲ್ಲ ಸರ್, ಹೋಗ್ಬಿಟ್ಟ" ಎಂದರು. ಮೇಷ್ಟ್ರು ಪೆನ್ನು ಕೇಳಿ ಪಡೆದು, ಆ ಹೆಸರಿನ ಮುಂದೆ ಏನೋ ಗುರುತು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮುಂದಿನ ಹೆಸರು ಕೂಗಿದರು.

ಕಾಲೇಜಿನ ಕಡತದಲ್ಲಿ ನಮ್ಮ ಜಾಗ

1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ನ್ಯಾಕ್, ಕಾಲೇಜುಗಳ ಮೌಲ್ಯಮಾಪನ ಮಾಡುವಾಗ ಹಳೆ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಯನ್ನೂ ನೋಡುತ್ತ ಬಂದಿದೆ. ಐದನೇ ಮಾನದಂಡದಲ್ಲಿ ನೋಂದಾಯಿತ ಸಂಘ ಇದೆಯೇ, ಏನು ಕೊಡುಗೆ ಕೊಟ್ಟಿದೆ ಎಂದು ಕೇಳುತ್ತಿತ್ತು. ಅದಕ್ಕೇ ನ್ಯಾಕ್ ಭೇಟಿ ಹತ್ತಿರವಾದಾಗ ಕಾಲೇಜಿನಿಂದ ಸಂಘಕ್ಕೆ ಕರೆಗಳು ಹೆಚ್ಚುತ್ತವೆ. ನೋಂದಣಿ ಪತ್ರ, ನಡಾವಳಿ, ಆಡಿಟ್ ವರದಿ, ದಿನಾಂಕ ಇರುವ ಫೋಟೊಗಳನ್ನು ಒಂದು ಕಡತದಲ್ಲಿ ಸದಾ ಸಿದ್ಧವಾಗಿಡಿ. ನಡೆಯದ ಸಭೆಗೆ ಹಿಂದಿನ ದಿನಾಂಕ ಹಾಕಿ ನಡಾವಳಿ ಬರೆದುಕೊಡಿ ಎಂದು ಯಾರೇ ಕೇಳಿದರೂ ಒಪ್ಪಬೇಡಿ. ಕಾಲೇಜಿನ ಆಂತರಿಕ ಗುಣಮಟ್ಟ ಭರವಸೆ ಕೋಶದಲ್ಲಿ (ಐಕ್ಯೂಎಸಿ) ಹಳೆ ವಿದ್ಯಾರ್ಥಿಗಳ ಪ್ರತಿನಿಧಿಗೆ ಸ್ಥಾನ ಇದೆ. ಆ ಸ್ಥಾನಕ್ಕೆ ಸಂಘ ಸಭೆಯಲ್ಲಿ ಆರಿಸಿದವರು ಹೋಗಲಿ, ಹೋದವರು ಪ್ರತಿ ಸಲ ಬಂದು ವರದಿ ಕೊಡಲಿ.

ಕಾಲೇಜಿಗೆ ಏನೇ ಕೊಟ್ಟರೂ, ಒಂದು ಫ್ಯಾನ್ ಆದರೂ, ದಾಸ್ತಾನು ವಹಿಯಲ್ಲಿ ದಾಖಲಾಗಿ ಸ್ವೀಕೃತಿ ಪತ್ರ ಬರಬೇಕು. ಕಟ್ಟಡದ ಕೆಲಸಕ್ಕೆ ಇಲಾಖೆಯ ಅನುಮತಿ ಮೊದಲು, ಜಲ್ಲಿ ಮರಳು ಆಮೇಲೆ.

ಕೊನೆಯದಾಗಿ, ಅವಧಿ ಮುಗಿದಾಗ ಒಪ್ಪಿಸಬೇಕಾದದ್ದು

ಪದಾಧಿಕಾರಿಗಳು ಬದಲಾಗುವ ದಿನ ಎಲ್ಲವೂ ಕೈಬದಲಾಗಬೇಕು: ನೋಂದಣಿ ಪತ್ರದ ಮೂಲ ಪ್ರತಿ, ಪ್ಯಾನ್, ಚೆಕ್ ಪುಸ್ತಕ, ಬಳಸದ ರಸೀದಿ ಪುಸ್ತಕಗಳು, ನಡಾವಳಿ, ಸದಸ್ಯರ ಪಟ್ಟಿ, ಇಮೇಲ್ ಪಾಸ್‌ವರ್ಡ್, ಗ್ರೂಪಿನ ಅಡ್ಮಿನ್ ಹಕ್ಕು, ಬೀರುವಿನ ಕೀಲಿ. ಪಟ್ಟಿ ಮಾಡಿ ಹಳಬರು ಹೊಸಬರು ಇಬ್ಬರೂ ಸಹಿ ಹಾಕಿ. ಬ್ಯಾಂಕಿನಲ್ಲಿ ಸಹಿ ಬದಲಾವಣೆಯನ್ನು ಅದೇ ವಾರ ಮಾಡಿಸಿ.

ಹೊಸ ಕಾರ್ಯದರ್ಶಿಗೆ ನಾನು ಒಪ್ಪಿಸುವ ಮೊದಲ ಕೆಲಸ ಪ್ರತಿ ಸಲ ಒಂದೇ. ಅಂತಿಮ ವರ್ಷದವರಿಗೆ ಟಿ.ಸಿ. ಕೊಡುವ ದಿನಗಳಲ್ಲಿ ಸಂಘದ ಒಂದು ಟೇಬಲ್ ಹಾಕಿ, ಒಪ್ಪಿದವರಿಂದ ಹೆಸರು, ಊರು, ತಮ್ಮ ನಂಬರ್, ಜೊತೆಗೆ ಮನೆಯಲ್ಲಿ ಬದಲಾಗದ ಒಂದು ನಂಬರ್ ಬರೆಸಿಕೊಳ್ಳುವುದು. ಟೇಬಲ್ ಟಿ.ಸಿ. ಕೌಂಟರಿನ ಪಕ್ಕದಲ್ಲೇ ಇರಬೇಕು. ಎದುರಿನ ಕೊಠಡಿಯಲ್ಲಿ ಹಾಕಿದ ವರ್ಷ ಮಕ್ಕಳು ಟಿ.ಸಿ. ಹಿಡಿದು ನೇರ ಬಸ್‌ಸ್ಟ್ಯಾಂಡಿಗೆ ಹೋಗಿಬಿಟ್ಟರು. ಟೇಬಲ್ ಹತ್ತಿರ ಒಬ್ಬರಾದರೂ ಹೆಣ್ಣುಮಗಳು ಕೂತಿರಲಿ, ಪೆನ್ನು ನಾಲ್ಕೈದು ಇರಲಿ, ಸಂಜೆ ನಾಲ್ಕೂವರೆ ಬಸ್ಸು ಹೊರಡುವ ಮೊದಲು ಎದ್ದು ಹೋಗಬೇಡಿ.